ದಿನಕ್ಕೆ ಐದು ಗಂಟೆ

ಹೊಗೆಕಡ್ಡಿ ಗೀರಿ ಹಿಡಿದೆ ಅಗ್ಗಿಷ್ಟಿಕೆಯ ಹಣೆಗೆ.
ಹೊಗೆ ಚಿಮಣಿ ಹತ್ತಬೇಕಿತ್ತು, ಹತ್ತಲಿಲ್ಲ.
ಹೊರಟ ನೆಂಟ ಹೊಸಿಲಲ್ಲಿ ಮನಸ್ಸು ಬದಲಿಸಿದ ಹಾಗೆ
ತಿರುಗಿ ನನ್ನ ಮೂಗಿಗೇ ಬಂತು.

ಗೇಟ್ಸ್‌ಹೆಡ್‌ನಲ್ಲಿ ನವೆಂಬರ್. ನಾಲ್ಕಕ್ಕೇ ಕತ್ತಲು.
ಥರ್ಜಾ ಹಿಂಡ್‌ಮಾರ್ಷ್ ಕುರ್ಚಿಯ ತೋಳಿನ ಮೇಲೆ ಕೂತು
ಕೇಳಿದಳು: "ಸತ್ತಿತೇ?"
"ಸತ್ತಿಲ್ಲ. ಕೊಲ್ಲುತ್ತದೆ."
ಕೆಂಪು ಚೀಟಿ ಅಂಟಿಸಿ ನಲ್ಲಿ ತಿರುಗಿಸಿದೆ.
ಮೂವತ್ತೊಂದು ವರ್ಷ ಆರದ ಪೈಲಟ್ ಜ್ವಾಲೆ
ಅಂಗಿಯ ಗುಂಡಿ ಕಿತ್ತಷ್ಟೇ ಸದ್ದು ಮಾಡಿ ಹೋಯಿತು.

"ಹಾಗಾದರೆ ಹೊಸದು. ಗ್ಯಾಸೋ, ಕರೆಂಟೋ?
ಮಾರುವವನ ಮಾತು ಬೇಡಪ್ಪ, ಖರ್ಚು ಹೇಳು."

ಹಳೇ ಬಿಲ್ಲಿನ ಲಕೋಟೆಯ ಬೆನ್ನಿಗೆ ಪೆನ್ಸಿಲ್ ಊರಿದೆ.
ಒಂದು ಯೂನಿಟ್ ಗ್ಯಾಸು ಆರು ಪೆನ್ಸ್,
ಒಂದು ಯೂನಿಟ್ ಕರೆಂಟು ಇಪ್ಪತ್ತೈದು.
"ಮುಗಿಯಿತಲ್ಲ."
ಮುಗಿದಿಲ್ಲ. ಗ್ಯಾಸಿನ ಬೆಂಕಿ ದುಂದುಗಾರ:
ನಾಲ್ಕು ಉರಿದರೆ ಎರಡು ನಿಮಗೆ,
ಇನ್ನೆರಡು ಚಿಮಣಿಯ ಮೇಲೆ ಕೂತ ಕಡಲಹಕ್ಕಿಗೆ.
ಕರೆಂಟು ಜಿಪುಣ, ಉರಿದದ್ದೆಲ್ಲ ಕೋಣೆಯೊಳಗೇ.
ಅಷ್ಟೇ ಬಿಸಿಗೆ, ಗಂಟೆಗೆ
ಅದಕ್ಕೆ ಇಪ್ಪತ್ತನಾಲ್ಕು ಪೆನ್ಸ್, ಇದಕ್ಕೆ ಐವತ್ತು.

"ಆದರೂ ಗ್ಯಾಸೇ."
ತಾಳಿ. ಈ ಮನೆಯಲ್ಲಿ ಗ್ಯಾಸು ಉಣ್ಣುವ ಬಾಯಿ ಇದೊಂದೇ.
ಒಲೆ ಕರೆಂಟಿನದು, ಗೋಡೆಯ ಹೀಟರೂ.
ಉಂಡರೂ ಉಣದಿದ್ದರೂ ಮೀಟರಿಗೆ ದಿನಕ್ಕೆ ಮೂವತ್ತು ಪೆನ್ಸ್,
ಜುಲೈ ಬಿಸಿಲಲ್ಲೂ.
ವರ್ಷಕ್ಕೊಮ್ಮೆ ನಾನು ಬಂದು ಕಡ್ಡಿ ಗೀರಿದ್ದಕ್ಕೆ ಎಂಬತ್ತೈದು ಪೌಂಡ್.
(ಇದನ್ನು ಹೇಳುವಾಗ ಲಕೋಟೆಯನ್ನೇ ನೋಡುತ್ತಿದ್ದೆ.)
ಕೂಡಿ, ಭಾಗಿಸಿ, ಒಂದು ಸಲ ತಪ್ಪಿ, ಉಜ್ಜಿ,
ಕೊನೆಗೆ ಕೈಗೆ ಸಿಕ್ಕಿದ್ದು ಉತ್ತರವಲ್ಲ, ಪ್ರಶ್ನೆ:

ನವೆಂಬರಿನಿಂದ ಮಾರ್ಚಿನ ತನಕ
ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೂತರೆ ಗ್ಯಾಸು,
ಕಡಿಮೆ ಕೂತರೆ ಕರೆಂಟು.
ನೀವು ಎಷ್ಟು ಹೊತ್ತು ಕೂರುತ್ತೀರಿ, ಬೆಂಕಿಯ ಮುಂದೆ?

ಬೆರಳು ಮಡಿಸಿದಳು. ಸೋಮವಾರ ಬಿಂಗೊ.
ಮಂಗಳ, ಗುರು, ಶಾಲೆಯ ಅಡುಗೆಮನೆ, ನೂರ ನಲವತ್ತು ತಟ್ಟೆ.
ಬುಧವಾರ ತಂಗಿಯ ಮನೆ. ತಂಗಿಯ ಬೆಂಕಿ, ತಂಗಿಯ ಬಿಲ್ಲು.
ಶುಕ್ರವಾರ... "ಅದು ನಿನಗೆ ಬೇಡ."
ಭಾನುವಾರ ಇಸ್ತ್ರಿ, ನಿಂತೇ.
ಎಷ್ಟು ಎಳೆದರೂ ವಾರಕ್ಕೆ ಒಂಬತ್ತು ಗಂಟೆ ದಾಟಲಿಲ್ಲ.

"ನಾನು ಕೂರುವುದೇ ಇಲ್ಲವಲ್ಲೋ!"
ಇಷ್ಟು ವರ್ಷ ಯಾರೋ ಅವಳ ಕುರ್ಚಿ ಕದ್ದಿಟ್ಟಿದ್ದರು ಎಂಬಂತೆ.
ಆಮೇಲೆ ಇಬ್ಬರೂ ಕೆಳಗೆ ನೋಡಿದೆವು.

ಕಂಬಳಿಯ ಮೇಲೆ ಬಿಷಪ್, ಓಟದಿಂದ ನಿವೃತ್ತನಾದ ಗ್ರೇಹೌಂಡ್.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು
ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.
ಆರಿದ ಬೆಂಕಿಗೆ ಹೊಟ್ಟೆ ಒಡ್ಡಿ ಕಾಯುತ್ತಿದ್ದ,
ಕಾಫಿ ತಡವಾದ ಹೋಟೆಲಿನಲ್ಲಿ ದೊಡ್ಡ ಮನುಷ್ಯರು ಕಾಯುವಂತೆ.
"ಇವನು?"
"ಹದಿನಾಲ್ಕು ಗಂಟೆ. ಮಳೆಯಿದ್ದರೆ ಹದಿನಾರು.
ನಾನಿಲ್ಲದಾಗಲೂ ಸಣ್ಣಗೆ ಇಟ್ಟು ಹೋಗುತ್ತಿದ್ದೆ."
ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ.

ನಾಯಿಗೆ ಗ್ಯಾಸು, ಯಜಮಾನಿಗೆ ಕರೆಂಟು.
ಇಷ್ಟು ನಿಚ್ಚಳವಾಗಿ ಯಾವ ಮನೆಯ ಲೆಕ್ಕವೂ ಬಂದದ್ದಿಲ್ಲ.

ಕರೆಂಟಿನದರಲ್ಲಿ ಇನ್ನೊಂದುಂಟು, ಎಂದೆ:
ಬಿಸಿ ಬೇಡವೆಂದರೆ ಬರೀ ಜ್ವಾಲೆಯ ಚಿತ್ರ,
ಇಡೀ ಸಂಜೆ ಕುಣಿದರೂ ಒಂದೇ ಪೆನ್ನಿ.
ಥರ್ಜಾ ಬಿಷಪ್‌ನ ಕಿವಿ ಮುಚ್ಚಿದಳು.
"ಮೂರು ವರ್ಷ ಬಟ್ಟೆಯ ಮೊಲದ ಹಿಂದೆ ಓಡಿದವನು.
ಇನ್ನೊಂದು ಸುಳ್ಳು ಬೇಡ."

ಬಾಗಿಲ ತನಕ ಬಂದಳು.
"ರಾತ್ರಿ ನೀರಿಗೆ ಎದ್ದರೆ ನಾನು ದೀಪ ಹಾಕುತ್ತಿರಲಿಲ್ಲ,
ಆ ನೀಲಿ ಚುಕ್ಕೆಯೇ ಸಾಕಿತ್ತು.
ಎಷ್ಟು ಕರೆಂಟು ಉಳಿಸಿದ್ದೇನೋ, ಲೆಕ್ಕ ಹಾಕು."

ಅವಳ ಲಕೋಟೆ ನನ್ನ ಜೇಬಿನಲ್ಲೇ ಉಳಿದಿತ್ತು.
ವ್ಯಾನಿನಲ್ಲಿ ಕೂತು, ಅದರ ಮೂಲೆಯಲ್ಲಿ,
ಸುಮ್ಮನೆ, ಆ ಚುಕ್ಕೆಯ ಲೆಕ್ಕ ಹಾಕಿದೆ.
ಹಗಲೂ ರಾತ್ರಿಯೂ, ಬೇಸಿಗೆಯೂ,
ಮೂವತ್ತೊಂದು ವರ್ಷ, ಇವತ್ತಿನ ದರದಲ್ಲಿ:
ಎರಡು ಸಾವಿರದ ನಾನೂರು ಪೌಂಡ್, ಮೇಲೆ ಚಿಲ್ಲರೆ.

ಆ ಮೂಲೆ ಹರಿದು ಬಾಯಿಗೆ ಹಾಕಿಕೊಂಡೆ.
ಉಳಿದದ್ದನ್ನು ಬಾಗಿಲ ಕಾಗದದ ಕಿಂಡಿಯಲ್ಲಿ ತೂರಿಸಿದೆ.
ಒಳಗೆ ಬಿಷಪ್ ಒಮ್ಮೆ ಗೊಣಗಿದ,
ಎದ್ದು ಬರಲಿಲ್ಲ.